ಮುಂಗಾರಿನ ಲೆಕ್ಕ: ಅಂಕಿ, ಮಾಹಿತಿ, ಅರಿವು – ಒಂದು ಪ್ರಕರಣ

ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಅಂತ ಒಂದು ಇರುತ್ತದೆ. ಗೆರೆ ಎಳೆದ ನೋಟ್‌ಬುಕ್ಕು, ಇಲ್ಲವೇ ಹಳೇ ಡೈರಿ. ಒಳಗೆ ದಿನಕ್ಕೊಂದು ಸಾಲು. 0.35. 1.20. 0. 0. 0. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕದ ನೀರನ್ನು ಅಳತೆ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ ಬರೆದದ್ದು. ಸರ್ಕಾರಿ ಲೆಕ್ಕ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾಯಿತು. ತೋಟದವರು ಇವತ್ತಿಗೂ ಇಂಚು, ಸೆಂಟ್ಸ್ ಅಂತಲೇ ಮಾತಾಡುತ್ತಾರೆ. 'ನಿಮ್ಮಲ್ಲಿ ಎಷ್ಟು ಬಂತು?' ಅಂದರೆ 'ಒಂದು ಇಪ್ಪತ್ತು' ಅನ್ನುತ್ತಾರೆ. ಒಂದು ಇಂಚು ಇಪ್ಪತ್ತು ಸೆಂಟ್ಸ್, ಅಂದರೆ ಸುಮಾರು 30 ಮಿ.ಮೀ.

ಆ 1.20 ಬರೀ ಅಂಕಿ. ಡೇಟಾ, ಪುಸ್ತಕದ ಮಾತಲ್ಲಿ ದತ್ತಾಂಶ. ಅದೇ 1.20 ಮಾರ್ಚ್ ಮೊದಲ ವಾರದಲ್ಲಿ, ರೊಬಸ್ಟಾ ಗಿಡದಲ್ಲಿ ಮೊಗ್ಗು ಕಾದು ನಿಂತಿರುವಾಗ ಬಿದ್ದದ್ದು ಅಂತ ಗೊತ್ತಾದರೆ ಅದು ಮಾಹಿತಿ: ಹೂಮಳೆ ಆಯಿತು. ಮೊಗ್ಗು ಅರಳಲು ಅಷ್ಟು ನೀರು ಯಾಕೆ ಬೇಕು, ಹನಿದು ನಿಂತ ಮಳೆಗೆ ಹೂವು ಯಾಕೆ ಕೆಡುತ್ತದೆ, ಹಿಂದೆಯೇ ಬರಬೇಕಾದ ಬ್ಯಾಕಿಂಗ್ ಮಳೆ ತಡವಾದರೆ ಕೆರೆ ನೀರಿಗೆ ಸ್ಪ್ರಿಂಕ್ಲರ್ ಯಾವಾಗ ಹಚ್ಚಬೇಕು – ಇದನ್ನು ಬಲ್ಲವರಿಗೆ ಇರುವುದು ಅರಿವು.

ಈ ಮೂರನ್ನೂ ನಾವು ಒಂದರ ಬದಲು ಇನ್ನೊಂದು ಬಳಸಿಬಿಡುತ್ತೇವೆ. ಪಾಠದಲ್ಲಿ ಇದಕ್ಕೊಂದು ಗೋಪುರದ ಚಿತ್ರ ಬರೆಯುತ್ತಾರೆ. ಕೆಳಗೆ ದತ್ತಾಂಶ, ನಡುವೆ ಮಾಹಿತಿ, ಮೇಲೆ ಜ್ಞಾನ. ಕೆಳಗಿನದನ್ನು ಸಾಕಷ್ಟು ಪೇರಿಸಿದರೆ ಮೇಲಿನದು ತಾನಾಗಿ ಬರುತ್ತದೆ ಅನ್ನುವ ಹಾಗೆ. ನನಗೆ ಆ ಚಿತ್ರದ ಬಗ್ಗೆ ತಕರಾರಿದೆ. ನಡುವಿನಿಂದ ಮೇಲಕ್ಕೆ ಹೋಗುವ ಆ ಒಂದು ಮೆಟ್ಟಿಲಿಗೆ ನಮ್ಮ ಮುಂಗಾರಿನ ವಿಷಯದಲ್ಲಿ 45 ವರ್ಷ ಹಿಡಿಯಿತು. ಹತ್ತಿದವರೂ ಬೇರೆಯವರು, ಹತ್ತಿದ್ದೂ ಬೇರೆ ದೇಶದಲ್ಲಿ. ಆ ಕಥೆಯನ್ನೇ ಇಲ್ಲಿ ಪೂರ್ತಿಯಾಗಿ ನೋಡೋಣ.

ಬರ ಕೇಳಿದ ಪ್ರಶ್ನೆ

ಭಾರತೀಯ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಮರುವರ್ಷವೇ ದಕ್ಷಿಣ ಭಾರತಕ್ಕೆ ಮಳೆ ಕೈಕೊಟ್ಟಿತು. 1876ರಿಂದ 78ರವರೆಗಿನ ಆ ಬರವನ್ನು ನಮ್ಮ ಹಿರಿಯರು ಸಂವತ್ಸರದ ಹೆಸರಿನಲ್ಲೇ ನೆನೆಯುತ್ತಿದ್ದರು: ಧಾತು, ಈಶ್ವರ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆ ಎಂಟು ಲಕ್ಷ ಕುಸಿದಿದೆ. ಇದೂ ಒಂದು ಅಂಕಿಯೇ. ಆದರೆ ಇದನ್ನು ಅಂಕಿಯಾಗಿ ಮಾತ್ರ ಓದಿ ಮುಂದಕ್ಕೆ ಹೋಗಲು ನನ್ನಿಂದ ಆಗುವುದಿಲ್ಲ.

ಇಲಾಖೆಯ ಮುಂದೆ ಈಗ ಒಂದೇ ಪ್ರಶ್ನೆ ಇತ್ತು. ಮುಂದಿನ ಬರ ಯಾವಾಗ? ಮೊದಲೇ ತಿಳಿಯಲು ಸಾಧ್ಯವಾ?

ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮ ನೋಡಿದರು. ಚಳಿಗಾಲ, ವಸಂತದಲ್ಲಿ ಅಲ್ಲಿ ಹಿಮ ಜಾಸ್ತಿ ಬಿದ್ದ ವರ್ಷ ಬಯಲಿನಲ್ಲಿ ಮಳೆ ಕಡಿಮೆ ಅನ್ನುವುದು ಅವರ ಕಣ್ಣಿಗೆ ಬಿತ್ತು. ಹಿಮ ಕರಗಲು ಬಿಸಿಲು ಖರ್ಚಾಗುತ್ತದೆ, ನೆಲ ಕಾಯುವುದು ತಡವಾಗುತ್ತದೆ, ಮುಂಗಾರು ಸೊರಗುತ್ತದೆ ಎಂದು ಕಾರಣವನ್ನೂ ಕಂಡುಕೊಂಡರು. 1882ರಿಂದ ಪ್ರಯೋಗ ಮಾಡಿ ನೋಡಿ, 1886ರ ಜೂನ್ 4ರಂದು ಇಡೀ ಹಂಗಾಮಿನ ಮೊದಲ ಮುನ್ಸೂಚನೆ ಹೊರಡಿಸಿದರು.

ಅವರ ನಂತರ ಬಂದ ಜಾನ್ ಎಲಿಯಟ್ ಹಿಮದ ಜೊತೆಗೆ ದೂರದ ಊರುಗಳ ಹವೆಯನ್ನೂ ಸೇರಿಸಿಕೊಂಡರು. ಅವರ ಮುನ್ಸೂಚನೆಗಳು ಹತ್ತಾರು ಪುಟ ಉದ್ದ ಇರುತ್ತಿದ್ದವು. 1899ರಲ್ಲಿ ಒಳ್ಳೆ ಮಳೆ ಎಂದರು. ಆ ವರ್ಷ ಗುಜರಾತ್, ರಾಜಸ್ಥಾನದ ಜನ ಇವತ್ತಿಗೂ ಮರೆಯದ ಛಪ್ಪನಿಯಾ ಬರ ಬಂತು. ಪುಟ ಎಷ್ಟಿದ್ದರೂ ಒಳಗಿನ ಅಂಕಿಗಳ ನಡುವೆ ನಿಜವಾದ ನಂಟು ಯಾವುದು, ಬರಹಗಾರನ ಅನಿಸಿಕೆ ಯಾವುದು ಎಂದು ಬೇರೆ ಮಾಡಿ ತೋರಿಸುವ ಅಳತೆಗೋಲು ಅವರಲ್ಲಿ ಇರಲಿಲ್ಲ.

ಶಿಮ್ಲಾದ ಲೆಕ್ಕದ ಮನೆ

1904ರಲ್ಲಿ ಎಲಿಯಟ್ ಜಾಗಕ್ಕೆ ಬಂದವರು ಗಿಲ್ಬರ್ಟ್ ವಾಕರ್. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ 1889ರಲ್ಲಿ ಮೊದಲ ಸ್ಥಾನ ಪಡೆದವರು. ಎಸೆದರೆ ತಿರುಗಿ ಕೈಗೇ ಬರುವ ಬೂಮರಾಂಗ್ ಅಂದರೆ ಪ್ರಾಣ. ಹವಾಮಾನ ಶಾಸ್ತ್ರ ಓದಿದವರಲ್ಲ. ಅದೇ ಒಂದು ಅನುಕೂಲವಾಯಿತು ಅಂತ ನನಗೆ ಅನ್ನಿಸುತ್ತದೆ. ಮಳೆಯ ಬಗ್ಗೆ ಮೊದಲೇ ಕಟ್ಟಿಕೊಂಡ ನಂಬಿಕೆ ಅವರಿಗೆ ಇರಲಿಲ್ಲ.

ಅವರು ಹಿಡಿದ ದಾರಿ ಸರಳ. ಜಗತ್ತಿನ ಹವೆ ಬಹಳ ಗೋಜಲು. ಕಾರಣ ಹುಡುಕುತ್ತಾ ಕೂತರೆ ಆಗುವುದಿಲ್ಲ. ಮೊದಲು ಅಂಕಿ ಸೇರಿಸೋಣ, ಯಾವುದರ ಜೊತೆ ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ನೋಡೋಣ.

ಕೇಳಲು ಸರಳ. ಮಾಡುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಎರಡು ಸಾಲು ಅಂಕಿ ತೆಗೆದುಕೊಳ್ಳಿ. ಒಂದು ಭಾರತದ ಮುಂಗಾರಿನ ಮಳೆ, 40 ವರ್ಷದ್ದು. ಇನ್ನೊಂದು ಮಾರಿಷಸ್‌ನ ಮೇ ತಿಂಗಳ ಗಾಳಿಯೊತ್ತಡ, ಅದೇ 40 ವರ್ಷದ್ದು. ಎರಡಕ್ಕೂ ಸರಾಸರಿ ತೆಗೆಯಬೇಕು. ಪ್ರತಿ ವರ್ಷದ ಅಂಕಿ ಸರಾಸರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಪಕ್ಕದಲ್ಲಿ ಬರೆಯಬೇಕು. ಆ ಎರಡು ವ್ಯತ್ಯಾಸಗಳನ್ನು ವರ್ಷ ವರ್ಷಕ್ಕೂ ಗುಣಿಸಬೇಕು. ಒಂದೊಂದರ ವರ್ಗವನ್ನೂ ತೆಗೆಯಬೇಕು. ಕೂಡಬೇಕು, ಭಾಗಿಸಬೇಕು. ಕೊನೆಗೆ ಒಂದೇ ಒಂದು ಅಂಕಿ ಕೈಗೆ ಬರುತ್ತದೆ. ಅದು –1ರಿಂದ +1ರ ಒಳಗೆ ಇರುತ್ತದೆ. +1ರ ಹತ್ತಿರ ಇದ್ದರೆ ಎರಡೂ ಒಟ್ಟಿಗೇ ಏರಿಳಿಯುತ್ತವೆ. –1ರ ಹತ್ತಿರ ಇದ್ದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಸೊನ್ನೆಯ ಹತ್ತಿರವಾದರೆ ನಂಟಿಲ್ಲ.

ಇಷ್ಟು ಮಾಡಿದರೆ ಒಂದು ಜೋಡಿ ಮುಗಿಯಿತು. 20 ಊರು, ಊರಿಗೆ 4 ಋತು ಅಂದುಕೊಳ್ಳಿ. 80 ಸಾಲುಗಳಾದವು. ಅವುಗಳಿಂದ 3,160 ಜೋಡಿ. ಜೋಡಿಗೆ 40 ಗುಣಾಕಾರ ಅಂದರೂ ಒಂದು ಲಕ್ಷ ದಾಟಿತು. ಕಂಪ್ಯೂಟರ್ ಇಲ್ಲ. ಶಿಮ್ಲಾದ ಕಚೇರಿಯಲ್ಲಿ ಭಾರತೀಯ ಗುಮಾಸ್ತರು ಕೂತು ಕೈಯಲ್ಲೇ ಮಾಡಿದ್ದು ಇಂಥ ಲೆಕ್ಕ. ಒಂದು ದಿನವಲ್ಲ, ವರ್ಷಗಟ್ಟಲೆ. ವಾಕರ್ ಹೆಸರಿನ ಹಿಂದೆ ಅವರ ಬೆನ್ನುನೋವೂ ಇದೆ ಅನ್ನುವುದನ್ನು ನಾವು ಮರೆಯಬಾರದು.

ದತ್ತಾಂಶ ಮಾಹಿತಿಯಾಗುವುದು ಅಂದರೆ ಇದೇ. ಮಾರಿಷಸ್‌ನ ಒತ್ತಡ ಒಂದು ಪುಸ್ತಕದಲ್ಲಿತ್ತು. ಮುಂಗಾರಿನ ಮಳೆ ಇನ್ನೊಂದು ಪುಸ್ತಕದಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಪ್ರಶ್ನೆ ಕೇಳುವ ತನಕ ಎರಡೂ ಮೂಕ. ಕೇಳಿದ ಮೇಲೆ ಒಂದು ಉತ್ತರ ಬಂತು. 1909ರಲ್ಲಿ ವಾಕರ್ ನಾಲ್ಕು ಸಂಗತಿ ಇಟ್ಟುಕೊಂಡು ಮುನ್ಸೂಚನೆಯ ಸೂತ್ರ ಕಟ್ಟಿದರು: ಹಿಮಾಲಯದ ಹಿಮ, ಮಾರಿಷಸ್‌ನ ಒತ್ತಡ, ದಕ್ಷಿಣ ಅಮೆರಿಕದ ಒತ್ತಡ, ಜಾಂಜಿಬಾರ್‌ನ ಮಳೆ. ಪುಟಗಟ್ಟಲೆ ವಿವರಣೆಯ ಜಾಗಕ್ಕೆ ಯಾರು ಬೇಕಾದರೂ ಕೂಡಿ ಕಳೆದು ಪರೀಕ್ಷೆ ಮಾಡಬಹುದಾದ ಒಂದು ಸಮೀಕರಣ ಬಂತು. ದೊಡ್ಡ ಹೆಜ್ಜೆ.

ಅವರ ಮೇಲೆ ನನಗೆ ಗೌರವ ಹೆಚ್ಚಿಸಿದ್ದು ಮಾತ್ರ ಬೇರೆ ವಿಷಯ. ಸಾವಿರಾರು ಜೋಡಿ ಹುಡುಕಿದರೆ ಸುಮ್ನೆ ಆಕಸ್ಮಿಕವಾಗಿಯೂ ಕೆಲವು ಜೋಡಿ ಚೆನ್ನಾಗಿ ಕೂಡಿಬರುತ್ತವೆ. 40 ವರ್ಷದ ಅಂಕಿಯಲ್ಲಿ 0.31ಕ್ಕಿಂತ ದೊಡ್ಡ ನಂಟು 20ರಲ್ಲಿ ಒಂದು ಸಲ ಬರೀ ಅದೃಷ್ಟದಿಂದ ಸಿಗಬಹುದು. ಹಾಗಾದರೆ ಮೇಲಿನ 3,160 ಜೋಡಿಗಳಲ್ಲಿ ಸುಮಾರು 150 ಜೋಡಿ ಏನೂ ಅರ್ಥವಿಲ್ಲದೆಯೇ ಅರ್ಥವಿದ್ದ ಹಾಗೆ ಕಾಣುತ್ತವೆ! ವಾಕರ್ ಇದನ್ನು 1914ರಲ್ಲೇ ಬರೆದು ಎಚ್ಚರಿಸಿದರು. ಹಲವು ನಂಟುಗಳಲ್ಲಿ ಆರಿಸಿ ಎತ್ತಿಕೊಂಡ ದೊಡ್ಡ ನಂಟಿಗೆ ಬೇರೆಯೇ ಅಳತೆಗೋಲು ಬೇಕು ಎಂದರು. ಇವತ್ತು ಕಂಪ್ಯೂಟರಿಗೆ ರಾಶಿ ಡೇಟಾ ಸುರಿದು 'ಸಂಬಂಧ ಸಿಕ್ಕಿತು' ಅನ್ನುವವರೆಲ್ಲ ಓದಬೇಕಾದ ಮಾತು ಇದು.

ತೂಗುಯ್ಯಾಲೆ ಕಂಡಿತು, ತೂಗುವವರು ಕಾಣಲಿಲ್ಲ

ಲೆಕ್ಕ ಮಾಡುತ್ತಾ ಮಾಡುತ್ತಾ ಒಂದು ದೊಡ್ಡ ಚಿತ್ರ ಮೇಲೆದ್ದಿತು. ಅದರ ತುಣುಕುಗಳನ್ನು ಮೊದಲೇ ಕೆಲವರು ಕಂಡಿದ್ದರು. ಆಸ್ಟ್ರೇಲಿಯಾದಲ್ಲಿ ಚಾರ್ಲ್ಸ್ ಟಾಡ್ ಎಂಬವರು 1888ರಲ್ಲೇ, ನಮ್ಮಲ್ಲೂ ಭಾರತದಲ್ಲೂ ಬರ ಒಟ್ಟೊಟ್ಟಿಗೇ ಬರುತ್ತಿದೆಯಲ್ಲ ಎಂದು ಗುರುತಿಸಿದ್ದರು. ಸ್ವೀಡನ್ನಿನ ಹಿಲ್ಡೆಬ್ರಾಂಡ್ಸನ್, ಸಿಡ್ನಿಯಲ್ಲಿ ಒತ್ತಡ ಏರಿದಾಗ ಬ್ಯೂನಸ್ ಐರಿಸ್‌ನಲ್ಲಿ ಇಳಿಯುವುದನ್ನು 1897ರಲ್ಲಿ ತೋರಿಸಿದ್ದರು. ವಾಕರ್ ಈ ತುಣುಕುಗಳನ್ನು ಜೋಡಿಸಿದರು. ಪೆಸಿಫಿಕ್ ಸಾಗರದ ಮೇಲೆ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ. ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಅರ್ಧ ಭೂಮಿಯಷ್ಟು ಅಗಲದ ತೂಗುಯ್ಯಾಲೆ. 1924ರಲ್ಲಿ ಇದಕ್ಕೆ 'ಸದರ್ನ್ ಆಸಿಲೇಶನ್' ಎಂದು ಹೆಸರಿಟ್ಟರು. ನಮ್ಮ ಮಾತಲ್ಲಿ ದಕ್ಷಿಣದ ತೂಗಾಟ. ಅದೇ ವರ್ಷ ನಿವೃತ್ತರಾಗಿ ಊರಿಗೆ ಹೊರಟರು.

ತೂಗುಯ್ಯಾಲೆ ಕಂಡಿತು. ಯಾವುದು ಅದನ್ನು ತೂಗುತ್ತಿದೆ? ಗೊತ್ತಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಯಾಕೆ ವಾಲುತ್ತದೆ? ಗೊತ್ತಿಲ್ಲ. ಇನ್ನೂ ಕಷ್ಟದ ವಿಷಯ ಅಂದರೆ, ಮುಂಗಾರಿನ ಹೊತ್ತಿನ ತೂಗಾಟ ಅದರ ನಂತರದ ತಿಂಗಳುಗಳ ಹವೆಗೆ ಚೆನ್ನಾಗಿ ಹೊಂದುತ್ತಿತ್ತು, ಮುಂಚಿನ ತಿಂಗಳುಗಳಿಗೆ ಅಷ್ಟಾಗಿ ಹೊಂದುತ್ತಿರಲಿಲ್ಲ. ಅಂದರೆ ನಮ್ಮ ಮುಂಗಾರು ನೋಡಿ ಬೇರೆ ಕಡೆಯ ಹವೆ ಊಹಿಸಬಹುದು, ಬೇರೆ ಕಡೆ ನೋಡಿ ನಮ್ಮ ಮುಂಗಾರು ಊಹಿಸುವುದು ಕಷ್ಟ. ಬರ ಮೊದಲೇ ತಿಳಿಯಬೇಕು ಅಂತ ಹೊರಟ ಮನುಷ್ಯನಿಗೆ ಇದಕ್ಕಿಂತ ನೋವಿನ ಫಲಿತಾಂಶ ಬೇಕಾ?

ಮುಂದಿನ ದಶಕಗಳಲ್ಲಿ ಅವರ ಸೂತ್ರದ ನಂಟುಗಳಲ್ಲಿ ಹಲವು ಸಡಿಲವಾದವು. ಹೋದ 40 ವರ್ಷ ಜೊತೆಜೊತೆಯಾಗಿ ನಡೆದ ಎರಡು ಸಾಲು ಮುಂದಿನ 20 ವರ್ಷ ಬೇರೆ ಬೇರೆ ದಾರಿ ಹಿಡಿದವು. ಯಾಕೆ ಬೇರೆಯಾದವು ಎಂದು ಹೇಳಬಲ್ಲವರು ಇರಲಿಲ್ಲ. ಯಾಕೆ ಒಟ್ಟಿಗಿದ್ದವು ಅನ್ನುವುದೇ ಮೊದಲು ಗೊತ್ತಿರಲಿಲ್ಲವಲ್ಲ.

ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ ಜಾಗ. ಮಾಹಿತಿ 'ಹೀಗಾದಾಗ ಹಾಗಾಗುತ್ತದೆ' ಅನ್ನುತ್ತದೆ. ಅರಿವು 'ಯಾಕೆ ಹಾಗಾಗುತ್ತದೆ' ಅನ್ನುತ್ತದೆ, ಅದಕ್ಕೇ 'ಯಾವಾಗ ಆಗುವುದಿಲ್ಲ' ಅಂತಲೂ ಹೇಳಬಲ್ಲದು. ಮಾಹಿತಿಗೆ ತನ್ನ ಎಲ್ಲೆ ಗೊತ್ತಿರುವುದಿಲ್ಲ.

ವಾಕರ್ 1958ರಲ್ಲಿ ತೀರಿಕೊಂಡರು. ಬ್ರಿಟನ್ನಿನ ಹವಾಮಾನ ಸಂಘದ ಪತ್ರಿಕೆಯಲ್ಲಿ ಬಂದ ಶ್ರದ್ಧಾಂಜಲಿ, ಜಗತ್ತಿನ ಹವೆಗೆ ಒಂದು ಸಿದ್ಧಾಂತ ಸಿಗಬಹುದೆಂಬ ಅವರ ಆಸೆ ಕೈಗೂಡುವ ಹಾಗೆ ಕಾಣುತ್ತಿಲ್ಲ ಎಂಬ ಅರ್ಥದ ಮಾತು ಬರೆಯಿತು. ವಿಪರ್ಯಾಸ ನೋಡಿ, ಬಾಗಿಲು ತೆರೆಯುವ ಬೀಗದಕೈ ಆ ಹೊತ್ತಿಗೆ ಪೆಸಿಫಿಕ್ ಸಾಗರದ ಮೇಲೆ ಬಂದು ನಿಂತಿತ್ತು.

ಪೆರುವಿನ ನಾವಿಕರು ಬಲ್ಲದ್ದು

ಸ್ವಲ್ಪ ಹಿಂದಕ್ಕೆ ಹೋಗಬೇಕು. ಪೆರು ದೇಶದ ಕರಾವಳಿಯಲ್ಲಿ ಸಮುದ್ರ ತಣ್ಣಗಿರುತ್ತದೆ. ಆಳದ ತಂಪು ನೀರು ಮೇಲೆದ್ದು ಬರುತ್ತದೆ, ಅದರ ಜೊತೆ ಮೀನಿಗೆ ಬೇಕಾದ ಸಾರ ಬರುತ್ತದೆ. ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಉತ್ತರದಿಂದ ಬೆಚ್ಚಗಿನ ಪ್ರವಾಹ ಇಳಿಯುತ್ತದೆ. ಪೈಟಾ ಬಂದರಿನ ನಾವಿಕರು ಅದನ್ನು 'ಎಲ್ ನಿನೊ' ಪ್ರವಾಹ ಎಂದು ಕರೆಯುತ್ತಿದ್ದರು. ಬಾಲ ಯೇಸುವಿನ ಹೆಸರು. 1892ರಲ್ಲಿ ಕಮಿಲೊ ಕರಿಲ್ಲೊ ಎಂಬ ನೌಕಾಧಿಕಾರಿ ಲಿಮಾದ ಭೂಗೋಳ ಸಂಘದ ಮುಂದೆ ಈ ಹೆಸರನ್ನು ದಾಖಲಿಸಿದರು.

ಆ ನಾವಿಕರ ಹತ್ತಿರ ರಿಜಿಸ್ಟರ್ ಇರಲಿಲ್ಲ. ಆದರೆ ನೀರು ಬೆಚ್ಚಗಾದರೆ ಯಾವ ಮೀನು ಹೋಗುತ್ತದೆ, ಯಾವುದು ಬರುತ್ತದೆ, ಮರಳುಗಾಡಿನಲ್ಲಿ ಮಳೆ ಸುರಿದು ಹೇಗೆ ಹಸಿರು ಏಳುತ್ತದೆ ಅನ್ನುವುದು ತಿಳಿದಿತ್ತು. ನಮ್ಮಲ್ಲಿ 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಅನ್ನುವುದಿಲ್ಲವೇ? 'ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು' ಅನ್ನುವುದಿಲ್ಲವೇ? ಅದೇ ಬಗೆಯ ತಿಳಿವಳಿಕೆ. ಬದುಕಿ ಕಲಿತದ್ದು. ಅದನ್ನು ಕೀಳಾಗಿ ನೋಡುವುದು ತಪ್ಪು. ಆದರೆ ಅದು ಆ ಊರಿಗೆ, ಆ ದಡಕ್ಕೆ ಕಟ್ಟುಬಿದ್ದದ್ದು. ಪೈಟಾದ ನಾವಿಕನಿಗೆ ತನ್ನ ಕಡಲು ಬೆಚ್ಚಗಾದ ವರ್ಷ ಮೈಸೂರಿನ ಹೊಲ ಒಣಗುತ್ತದೆ ಅನ್ನುವುದು ತಿಳಿಯುವ ದಾರಿ ಇರಲಿಲ್ಲ. 1877ರಲ್ಲಿ ಆಗಿದ್ದು ಅದೇ. ಅದು ಬಹಳ ಜೋರಾದ ಎಲ್ ನಿನೊ ವರ್ಷ.

ಶಿಮ್ಲಾದಲ್ಲಿ ಗಾಳಿಯೊತ್ತಡದ ಪಟ್ಟಿ ಇತ್ತು. ಪೆರುವಿನಲ್ಲಿ ಕಡಲಿನ ಅನುಭವ ಇತ್ತು. ಇಬ್ಬರೂ ಒಂದೇ ಆನೆಯನ್ನು ಮುಟ್ಟುತ್ತಿದ್ದರು.

ಬಸಿಯಲ್ಲಿ ಕಾಫಿ ಊದಿದ ಹಾಗೆ

1957–58ನ್ನು ಅಂತರರಾಷ್ಟ್ರೀಯ ಭೂಭೌತ ವರ್ಷ ಎಂದು ಆಚರಿಸಿದರು. ಹಲವು ದೇಶ ಸೇರಿ ಸಾಗರ, ಗಾಳಿ, ನೆಲ ಎಲ್ಲವನ್ನೂ ಅಳೆದ ಕಾಲ. ಆ ಹೊತ್ತಿಗೆ ಸರಿಯಾಗಿ ದೊಡ್ಡ ಎಲ್ ನಿನೊ ಬಂತು. ಪೆರುವಿನ ದಡದಲ್ಲಿ ಮಾತ್ರ ಅಲ್ಲ, ಸಮಭಾಜಕದ ಉದ್ದಕ್ಕೂ ಸಾವಿರಾರು ಕಿಲೋಮೀಟರ್ ನೀರು ಬೆಚ್ಚಗಾಗಿತ್ತು. ಇದನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದವರು ಯಾಕೋಬ್ ಬ್ಯರ್ಕ್ನೆಸ್. ನಾರ್ವೆಯ ದೊಡ್ಡ ಹವಾಮಾನ ಮನೆತನದವರು, ಆಗ ಲಾಸ್ ಏಂಜಲೀಸ್‌ನಲ್ಲಿ ಪ್ರಾಧ್ಯಾಪಕರು. ಪೆಸಿಫಿಕ್ ನಡುವಿನ ಕ್ಯಾಂಟನ್ ಎಂಬ ಪುಟ್ಟ ದ್ವೀಪದ ಮಳೆ, ಗಾಳಿ, ನೀರಿನ ಬಿಸಿಯ ದಾಖಲೆ ಅವರಿಗೆ ಬಹಳ ನೆರವಾಯಿತು.

ಅವರು 1966 ಮತ್ತು 1969ರ ಲೇಖನಗಳಲ್ಲಿ ಹೇಳಿದ್ದು ಹೀಗಿದೆ. ಬಸಿಯಲ್ಲಿ ಬಿಸಿ ಕಾಫಿ ಹಾಕಿ ಊದುತ್ತೇವಲ್ಲ, ಮೇಲಿನ ಕೆನೆ ಆಚೆ ದಡಕ್ಕೆ ಹೋಗಿ ಕೂಡಿಕೊಳ್ಳುತ್ತದೆ. ಪೆಸಿಫಿಕ್‌ನಲ್ಲಿ ವಾಣಿಜ್ಯ ಮಾರುತಗಳು ಹಾಗೇ ಪೂರ್ವದಿಂದ ಪಶ್ಚಿಮಕ್ಕೆ ಊದುತ್ತವೆ. ಬೆಚ್ಚಗಿನ ಮೇಲ್‌ನೀರು ಇಂಡೋನೇಷ್ಯಾ ಕಡೆ ಹೋಗಿ ಪೇರುತ್ತದೆ. ಅಲ್ಲಿ ಕಡಲ ಮಟ್ಟವೇ ಪೆರುವಿಗಿಂತ ಸುಮಾರು ಅರ್ಧ ಮೀಟರ್ ಎತ್ತರ. ಖಾಲಿಯಾದ ಪೂರ್ವದಲ್ಲಿ ಆಳದ ತಂಪು ನೀರು ಏಳುತ್ತದೆ. ಪಶ್ಚಿಮದ ಬೆಚ್ಚಗಿನ ನೀರಿನ ಮೇಲೆ ಗಾಳಿ ಕಾದು ಮೇಲೇರುತ್ತದೆ, ಮೋಡ ಕಟ್ಟುತ್ತದೆ, ಒತ್ತಡ ಇಳಿಯುತ್ತದೆ. ಪೂರ್ವದ ತಂಪಿನ ಮೇಲೆ ಗಾಳಿ ಕೆಳಗಿಳಿಯುತ್ತದೆ, ಒತ್ತಡ ಏರುತ್ತದೆ. ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ ಗಾಳಿ ಬೀಸುತ್ತದೆ. ಅದೇ ಆ ಊದುವ ಗಾಳಿ! ಗಾಳಿ ನೀರನ್ನು ದೂಡುತ್ತದೆ, ನೀರು ಗಾಳಿಯನ್ನು ಎಳೆಯುತ್ತದೆ.

ಈಗ ಊದುವುದು ಸ್ವಲ್ಪ ಸಡಿಲವಾಯಿತು ಅನ್ನಿ. ಪೇರಿದ್ದ ಬೆಚ್ಚಗಿನ ನೀರು ಪೂರ್ವಕ್ಕೆ ಹಿಂದಿರುಗುತ್ತದೆ. ಎರಡು ದಡದ ನಡುವಿನ ವ್ಯತ್ಯಾಸ ಕಡಿಮೆಯಾಗುತ್ತದೆ. ವ್ಯತ್ಯಾಸ ಕಡಿಮೆಯಾದರೆ ಗಾಳಿ ಇನ್ನೂ ಸಡಿಲ. ಇದು ಎಲ್ ನಿನೊ. ಗಾಳಿ ಮೇಲೇರುವ ಜಾಗ ಪೂರ್ವಕ್ಕೆ ಸರಿಯುತ್ತದೆ, ನಮ್ಮ ಕಡೆ ಗಾಳಿ ಕೆಳಗಿಳಿದು ಮೋಡವನ್ನು ಅದುಮುತ್ತದೆ.

ವಾಕರ್ ಕಂಡ ಒತ್ತಡದ ತೂಗಾಟ, ನಾವಿಕರು ಕಂಡ ಬೆಚ್ಚಗಿನ ನೀರು, ಎರಡೂ ಒಂದೇ ಯಂತ್ರದ ಎರಡು ಚಕ್ರ. ಪೆಸಿಫಿಕ್‌ನ ಉದ್ದಕ್ಕೂ ಸುತ್ತುವ ಆ ಗಾಳಿಯ ಓಟಕ್ಕೆ ಬ್ಯರ್ಕ್ನೆಸ್ 'ವಾಕರ್ ಪರಿಚಲನೆ' ಎಂದು ಹೆಸರಿಟ್ಟರು. ವಾಕರ್ ತೀರಿಕೊಂಡು ಆಗ 11 ವರ್ಷ. ಈ ಹೆಸರಿಡುವ ಸೌಜನ್ಯ ನನಗೆ ಬಹಳ ಇಷ್ಟ.

ವಾಕರ್ ಸೇರಿಸಿದ ಅಂಕಿ ಇನ್ನೂ ಹತ್ತುಪಟ್ಟು ಹೆಚ್ಚಿದ್ದರೂ ಅದರಿಂದ ಇದು ಹುಟ್ಟುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಅವರ ಪಟ್ಟಿಯಲ್ಲಿ ಸಾಗರದ ಒಡಲಿನ ಸುದ್ದಿ ಇರಲಿಲ್ಲ. ಬ್ಯರ್ಕ್ನೆಸ್‌ಗೆ ನೀರು, ಗಾಳಿ, ಬಿಸಿ ಹೇಗೆ ವರ್ತಿಸುತ್ತವೆ ಅನ್ನುವ ಭೌತಶಾಸ್ತ್ರ ತಲೆಯಲ್ಲಿತ್ತು. ಅದು ಇದ್ದದ್ದಕ್ಕೇ ಒಂದು ದ್ವೀಪದ ಮಳೆ ಪಟ್ಟಿ ಅವರ ಜೊತೆ ಮಾತಾಡಿತು.

ಕಸದ ಬುಟ್ಟಿಗೆ ಹೋದ ಅಂಕಿ

ಗೋಪುರದ ಚಿತ್ರ ಸಾಲದು ಅಂದೆನಲ್ಲ, ಅದಕ್ಕೆ ಇನ್ನೊಂದು ಕಾರಣ 1982.

ಆ ವರ್ಷ ಶತಮಾನದ ದೊಡ್ಡ ಎಲ್ ನಿನೊಗಳಲ್ಲಿ ಒಂದು ಬೆಳೆಯುತ್ತಿತ್ತು. ಹಡಗುಗಳಿಂದ ಪೆಸಿಫಿಕ್ ನೀರಿನ ಬಿಸಿಯ ಅಂಕಿಗಳು ಬರುತ್ತಲೇ ಇದ್ದವು. ಬಹಳ ಹೆಚ್ಚು ತೋರಿಸುತ್ತಿದ್ದವು. ಅಂಕಿ ಸ್ವೀಕರಿಸುವ ಕಂಪ್ಯೂಟರಿನಲ್ಲಿ ಒಂದು ಜರಡಿ ಇತ್ತು: ವಾಡಿಕೆಗಿಂತ ಬಹಳ ದೂರದ ಅಂಕಿ ಬಂದರೆ ಅದು ತಪ್ಪು, ತೆಗೆದುಹಾಕು. ಅದು ತೆಗೆದುಹಾಕಿತು. ಇನ್ನೊಂದು ಕಡೆ ಆ ವಸಂತದಲ್ಲಿ ಮೆಕ್ಸಿಕೋದ ಎಲ್ ಚಿಚೋನ್ ಜ್ವಾಲಾಮುಖಿ ಸಿಡಿದು ಮೇಲಿನ ಹವೆಯಲ್ಲಿ ಧೂಳಿನ ಪರದೆ ಹಬ್ಬಿತ್ತು. ಅದರ ಮೂಲಕ ನೋಡಿದ ಉಪಗ್ರಹಕ್ಕೆ ಸಮುದ್ರ ಇದ್ದದ್ದಕ್ಕಿಂತ ತಣ್ಣಗೆ ಕಂಡಿತು. ನಿಜ ಹೇಳಿದ ಅಂಕಿ ಕಸಕ್ಕೆ ಹೋಯಿತು, ಸುಳ್ಳು ಹೇಳಿದ ಅಂಕಿ ಉಳಿಯಿತು. ಅಕ್ಟೋಬರ್‌ನಲ್ಲಿ ಎಲ್ ನಿನೊ ತಜ್ಞರು ಪ್ರಿನ್ಸ್‌ಟನ್‌ನಲ್ಲಿ ಸೇರಿದಾಗಲೂ ಒಂದು ಎಲ್ ನಿನೊ ಆಗಲೇ ನಡೆಯುತ್ತಿದೆ ಎಂಬುದರಲ್ಲಿ ಒಮ್ಮತ ಇರಲಿಲ್ಲ. ನಮಗೂ 1982 ಕೊರತೆಯ ವರ್ಷ.

ಯಾವುದು ಡೇಟಾ, ಯಾವುದು ಕಸ ಎಂದು ಆರಿಸುವುದೇ ನಮ್ಮ ಅರಿವು. ಮೇಲಿನ ಅಂತಸ್ತು ಕೆಳಗಿನ ಅಂತಸ್ತಿಗೆ ಕಾವಲು ಕೂತಿರುತ್ತದೆ. ಕಾವಲುಗಾರನಿಗೆ ತಿಳಿದದ್ದು ಕಡಿಮೆಯಾದರೆ ನಿಜವೇ ಬಾಗಿಲಿಗೆ ಬಂದರೂ ಒಳಗೆ ಬಿಡುವುದಿಲ್ಲ. ಈ ಪಾಠದ ಫಲವಾಗಿ ಪೆಸಿಫಿಕ್ ಉದ್ದಕ್ಕೂ ಸುಮಾರು 70 ತೇಲುವ ಮಾಪಕಗಳನ್ನು ಲಂಗರು ಹಾಕಿ ನಿಲ್ಲಿಸಿದರು. 1994ರ ಕೊನೆಗೆ ಆ ಸಾಲು ಪೂರ್ತಿಯಾಯಿತು.

ಮತ್ತೆ ನಮ್ಮ ಅಂಗಳಕ್ಕೆ

1997ರಲ್ಲಿ ಶತಮಾನದ ಅತಿ ಜೋರಿನ ಎಲ್ ನಿನೊ ಬಂತು. ದೇಶಕ್ಕೆ ದೇಶವೇ ಬರಕ್ಕೆ ಹೆದರಿತು. ಮಳೆ ಬಂದದ್ದು ವಾಡಿಕೆಯ ಶೇ 102. ಐದು ವರ್ಷ ಬಿಟ್ಟು 2002ರಲ್ಲಿ ಎಲ್ ನಿನೊ ಅಷ್ಟೇನೂ ಜೋರಿರಲಿಲ್ಲ. ಹವಾಮಾನ ಇಲಾಖೆ 16 ಅಂಶಗಳ ಮಾದರಿ ಇಟ್ಟುಕೊಂಡು ಶೇ 101 ಎಂದಿತು. ಜುಲೈ ತಿಂಗಳ ಮಳೆ ಅರ್ಧಕ್ಕರ್ಧ ಖೋತಾ. ಹಂಗಾಮು ಮುಗಿದಾಗ ಶೇ 81. ಮರುವರ್ಷ ಇಲಾಖೆ ಆ ಮಾದರಿಯನ್ನೇ ಬದಲಾಯಿಸಿತು. 'ಎಲ್ ನಿನೊ ಬಂದರೆ ಬರ' ಅನ್ನುವುದು ಬರೀ ಮಾಹಿತಿಯಾಗಿ ಇಟ್ಟುಕೊಂಡವರಿಗೆ ಈ ಎರಡು ವರ್ಷ ತಲೆಕೆಳಗಾಗಿ ಕಂಡವು.

ಉತ್ತರದ ಒಂದು ಭಾಗ ಬೆಂಗಳೂರಿನಿಂದ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಅವರ ಜೊತೆಗಾರರು ಹಿಂದೂ ಮಹಾಸಾಗರದ ಸಮಭಾಜಕದ ಮೇಲಿನ ಮೋಡಗಳನ್ನು ನೋಡಿದರು. ಆಫ್ರಿಕಾ ಕಡೆ ಮೋಡ ಹೆಚ್ಚಾಗಿ ಸುಮಾತ್ರಾ ಕಡೆ ಕಡಿಮೆಯಾದರೆ ಮುಂಗಾರಿಗೆ ಬಲ. ತಿರುಗುಮುರುಗಾದರೆ ಕೇಡು. 1997ರಲ್ಲಿ ಈ ನಮ್ಮ ಕಡಲು ನೆರವಾಯಿತು. 2002ರಲ್ಲಿ ಅದೂ ಕೈಬಿಟ್ಟಿತು. ದೂರದ ಪೆಸಿಫಿಕ್ ಮತ್ತು ಪಕ್ಕದ ಹಿಂದೂ ಮಹಾಸಾಗರ ಎರಡನ್ನೂ ಒಟ್ಟಿಗೆ ನೋಡಿದರೆ ತೀರಾ ಕೆಟ್ಟ ಮತ್ತು ತೀರಾ ಒಳ್ಳೆ ವರ್ಷಗಳು ಬೇರೆಯಾಗಿ ನಿಲ್ಲುತ್ತವೆ ಎಂದು ಅವರು 2004ರಲ್ಲಿ ತೋರಿಸಿದರು. ಹಳೆ ಅರಿವನ್ನು ಬಿಸಾಡಲಿಲ್ಲ. ಅದು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವ ಗಡಿಕಲ್ಲು ನೆಟ್ಟರು.

ಇನ್ನೊಂದು ಗಡಿ ಜಾಗದ್ದು. 2023ರ ಮುಂಗಾರು ದೇಶಕ್ಕೆ ಶೇ 94. ಓದಲು ಅಷ್ಟೇನೂ ಕೆಟ್ಟದಾಗಿಲ್ಲ. ಅದೇ ವರ್ಷ ಕರ್ನಾಟಕದಲ್ಲಿ ಶೇ 25ರಷ್ಟು ಕೊರತೆಯಾಗಿ, 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ದೆಹಲಿಯಲ್ಲಿ ಕೂತವರಿಗೆ 94 ಅನ್ನುವುದು ಮಾಹಿತಿ. ಹೊಲದ ಬದುವಿನ ಮೇಲೆ ನಿಂತವರಿಗೆ ಅದು ಇನ್ನೂ ಬರೀ ಅಂಕಿ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರೂ ಗಾಡ್ಗೀಳ್ ಅವರ ತಂಡವೇ. ಅವರು ಪಾವಗಡ ಕಡೆಯ ಶೇಂಗಾ ಬೆಳೆಗಾರರ ಜೊತೆ ಕೂತು, ಮಳೆಯಾಶ್ರಿತ ಹೊಲಕ್ಕೆ ಬಿತ್ತನೆ ಯಾವಾಗ ಸರಿ ಅನ್ನುವ ಪ್ರಶ್ನೆ ಹಿಡಿದರು. ಪಕ್ಕದ ಅನಂತಪುರದ ದಶಕಗಳ ದಿನವಹಿ ಮಳೆ ದಾಖಲೆಯನ್ನು ಶೇಂಗಾ ಬೆಳೆಯ ಕಂಪ್ಯೂಟರ್ ಮಾದರಿಗೆ ಹಚ್ಚಿ ನೋಡಿದರು. ಆ ಸೀಮೆಯಲ್ಲಿ ಜೂನ್ ಮಳೆಗಿಂತ ಸೆಪ್ಟೆಂಬರ್ ಮಳೆ ಜೋರು. ಕಾಯಿ ಕಟ್ಟುವ ಹೊತ್ತಿಗೆ ನೆಲದಲ್ಲಿ ಹಸಿ ಇರಬೇಕು. ಮೊದಲ ಮಳೆಗೇ ಅವಸರದಲ್ಲಿ ಬಿತ್ತಿದರೆ ಆ ಹೊತ್ತು ಒಣಗಾಲಕ್ಕೆ ಸಿಕ್ಕಿಬೀಳಬಹುದು. ಜುಲೈ ನಡುವಿನ ನಂತರದ ಬಿತ್ತನೆಯಲ್ಲಿ ಬೆಳೆ ಕೈಕೊಡುವ ಅಪಾಯ ಕಡಿಮೆ ಎಂದು ಕಂಡಿತು. ಆ ಭಾಗದ ರೈತರು ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಟ್ಟುಕೊಂಡಿದ್ದ ಅಗಲವಾದ ಬಿತ್ತನೆ ಕಾಲ ಸುಮ್ಮನೆ ಬಂದದ್ದಲ್ಲ ಅನ್ನುವುದೂ ತಿಳಿಯಿತು.

ಈಗ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ಮಳೆ ಅಳೆಯುವ ಮಾಪಕಗಳಿವೆ. 15 ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರಿಗೆ ಬರುತ್ತದೆ. ವಾಕರ್ ಕಾಲದ ಗುಮಾಸ್ತರು ಊಹಿಸಿಯೂ ಇರದಷ್ಟು ಅಂಕಿ ಒಂದು ಮಧ್ಯಾಹ್ನದೊಳಗೆ ಬಂದು ಬೀಳುತ್ತದೆ. 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಮಾಡುವ ರೈತ ಆ ಅಂಕಿ ಕೇಳುವುದಿಲ್ಲ. ಅವನಿಗೆ ಬೇಕಾಗಿರುವುದು 'ನಾಳೆ ಔಷಧಿ ಹೊಡೀಬಹುದಾ ಸ್ವಾಮಿ, ಇಲ್ಲಾ ಎರಡು ದಿನ ತಡೀಲಾ?' ಅನ್ನುವುದಕ್ಕೆ ಉತ್ತರ. ಅತ್ತ ಕಡೆ ಕೂತವರು ಅವನ ಊರಿನ ಹೆಸರು ಕೇಳುತ್ತಾರೆ, ಪರದೆ ನೋಡುತ್ತಾರೆ, ಹೇಳುತ್ತಾರೆ. ಅವನು ಫೋನ್ ಇಟ್ಟು ಒಂದು ಸಲ ಪಡುವಣ ಮೋಡದ ಕಡೆ ನೋಡಿ, ಆಮೇಲೆ ಪಂಪಿಗೆ ಕೈ ಹಾಕುತ್ತಾನೆ.